ಬ್ಲೋವರ್ ನಾಲ್ಕನೇ ಸ್ಪೀಡಿಗೆ ಮಾತ್ರ ಓಡುತ್ತದೆ, ಹೊಸ ರೆಸಿಸ್ಟರ್ ಎರಡೇ ತಿಂಗಳಿಗೆ ಸುಟ್ಟಿತು

ತೋಟದ ದಾರಿ, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ಗಾಡಿ 2004ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಸಿ, ಹೀಟರ್ ಎರಡೂ ಇವೆ. ಒಳಗೆ ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋವರಿಗೆ, ನಾಲ್ಕು ಸ್ಪೀಡಿನ ತಿರುಗಿಸುವ ಸ್ವಿಚ್. ಅಪ್ಪ ಕೊಂಡ ಗಾಡಿ, 1,40,000 ಕಿಲೋಮೀಟರ್ ಓಡಿದೆ, ಇಂಜಿನ್ ಈಗಲೂ ಚೆನ್ನಾಗಿದೆ. ಮಾರುವ ಯೋಚನೆ ಇಲ್ಲ, ಹಾಗಾಗಿ ದಯವಿಟ್ಟು ಹೊಸ ಗಾಡಿ ತಗೊಳ್ಳಿ ಅಂತ ಯಾರೂ ಹೇಳಬೇಡಿ.

ತೊಂದರೆ ಶುರುವಾಗಿದ್ದು ಈ ಬೇಸಿಗೆಯಲ್ಲಿ. ಒಂದು, ಎರಡು, ಮೂರರಲ್ಲಿ ಗಾಳಿ ಬರುವುದು ನಿಂತಿತು. ನಾಲ್ಕಕ್ಕೆ ಹಾಕಿದರೆ ಮಾತ್ರ ಜೋರಾಗಿ ಬರುತ್ತಿತ್ತು. ಪೇಟೆಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವರು ಕೇಳಿದ ಕೂಡಲೇ ಫ್ಯಾನಿನ ವೇಗ ತಗ್ಗಿಸುವ ರೆಸಿಸ್ಟರ್ ಹೋಗಿದೆ ಅಂದರು, ಗ್ಲೌ ಬಾಕ್ಸ್ ಕೆಳಗೆ ಕೈ ಹಾಕಿ ಹತ್ತು ನಿಮಿಷದಲ್ಲಿ ಬದಲಾಯಿಸಿ ಕೊಟ್ಟರು. ನಾಲ್ಕೂ ಸ್ಪೀಡ್ ಬಂತು. ಇದು ಮೇ ತಿಂಗಳ ಮಾತು.

ಜುಲೈ ಮೊದಲ ವಾರ ಮಳೆ ಹಿಡಿದ ಮೇಲೆ ಒಂದು ದಿನ ಡ್ಯಾಶ್‌ಬೋರ್ಡ್ ಒಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮತ್ತೆ ಒಂದು, ಎರಡು, ಮೂರು ಹೋದವು. ಈಗ ನಾಲ್ಕನೆಯದೂ ಸರಿಯಾಗಿಲ್ಲ. ಓಡುತ್ತಾ ಓಡುತ್ತಾ ನಿಂತುಬಿಡುತ್ತದೆ, ಎಡಗಡೆ ಡ್ಯಾಶ್‌ಬೋರ್ಡ್ ಕೆಳಗೆ ಕೈಯಿಂದ ಎರಡು ಸಲ ತಟ್ಟಿದರೆ ಮತ್ತೆ ತಿರುಗುತ್ತದೆ. ಬೆಳಿಗ್ಗೆ ಮೊದಲ ಸಲ ಹಾಕಿದಾಗ ಕೀಚ್ ಅಂತ ಸದ್ದು ಬೇರೆ.

ಬೇಸಿಗೆಯಲ್ಲಾದರೆ ಕಿಟಕಿ ಇಳಿಸಿಕೊಂಡು ಓಡಾಡುತ್ತಿದ್ದೆ. ಆದರೆ ತಿಂಗಳಿಗೆ ಎರಡು ಸಲ ಅಮ್ಮನನ್ನು ಮಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಬೇಕು. ಹೋದ ವಾರ ಘಾಟಿಯಲ್ಲಿ ಹೊರಗೆ ದಟ್ಟ ಮಂಜು, ಒಳಗೆ ಗಾಜಿನ ತುಂಬ ಆವಿ. ಅಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಜು ಒರೆಸುತ್ತಲೇ ಇದ್ದರು, ಅವರು ಒರೆಸಿದ ಅರ್ಧ ನಿಮಿಷಕ್ಕೆ ಮತ್ತೆ ಮಬ್ಬಾಗುತ್ತಿತ್ತು, ತಿರುವಿನಲ್ಲಿ ಎದುರಿಗೆ ಬಂದ ಬಸ್ಸು ತೀರಾ ಹತ್ತಿರ ಬರುವವರೆಗೆ ನನಗೆ ಕಾಣಲೇ ಇಲ್ಲ. ಇನ್ನೊಂದು ಸಲ ಹಾಗೆ ಇಳಿಯಲು ನನಗೆ ಧೈರ್ಯವಿಲ್ಲ.

ಇನ್ನೊಂದು ರೆಸಿಸ್ಟರ್ ತಂದು ಹಾಕಿಸಲೇ? ಅಥವಾ ಸ್ವಿಚ್ಚೇ ಹೋಗಿದೆಯಾ? ಮನೆಯಲ್ಲಿ ಮಲ್ಟಿಮೀಟರ್ ಇದೆ, ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್ ಇದೆ. ಹೇಳಿಕೊಟ್ಟರೆ ಮಾಡಬಲ್ಲೆ.

ಮುಂಗಾರು, ಸಕಲೇಶಪುರ:

ರಿಪೇರಿ ವಿಷಯ ತಿಳಿದವರು ಹೇಳಲಿ. ಸದ್ಯಕ್ಕೆ ಘಾಟಿ ಇಳಿಯುವುದು ಹೇಗೆ ಅಂತ ನಾನು ಹೇಳುತ್ತೇನೆ, ಶಿರಾಡಿಯಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ.

ಮೊದಲು ಆ ಒಳಗಿನ ಗಾಳಿಯನ್ನೇ ಸುತ್ತಿಸುವ ಲಿವರ್ ಇದೆಯಲ್ಲ, ಅದನ್ನು ಹೊರಗಿನ ಗಾಳಿ ಬರುವ ಕಡೆಗೆ ತಳ್ಳಿ. ಮಳೆ ಅಂತ ಎಲ್ಲರೂ ಅದನ್ನು ಮುಚ್ಚಿಡುತ್ತಾರೆ. ಆಗ ನಮ್ಮ ಉಸಿರು, ಒದ್ದೆ ಬಟ್ಟೆ, ಒದ್ದೆ ಕೊಡೆಯ ಪಸೆ ಎಲ್ಲ ಒಳಗೇ ಸುತ್ತುತ್ತದೆ, ಕೊನೆಗೆ ತಣ್ಣಗಿರುವ ಗಾಜಿನ ಮೇಲೆ ಕೂರುತ್ತದೆ. ಬ್ಲೋವರ್ ನಾಲ್ಕರಲ್ಲಿ ಓಡುತ್ತಿರುವಷ್ಟು ಹೊತ್ತು ಎಸಿಯನ್ನೂ ಹಾಕಿ, ಟೆಂಪರೇಚರ್ ಲಿವರನ್ನು ಬಿಸಿ ಕಡೆಗೂ ಇಡಿ. ಎಸಿ ಅಂದರೆ ತಂಪಿಗೆ ಮಾತ್ರ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ಗಾಳಿಯಲ್ಲಿರುವ ನೀರಿನ ಪಸೆಯನ್ನು ಹಿಂಡಿ ಗಾಡಿ ಕೆಳಗೆ ತೊಟ್ಟಿಕ್ಕಿಸುತ್ತದೆ. ಆ ಒಣ ಗಾಳಿ ಹೀಟರ್ ಮೇಲೆ ಹಾದು ಬಿಸಿಯಾಗಿ ಗಾಜಿಗೆ ಬಡಿದರೆ ಮಬ್ಬು ಬೇಗ ಬಿಡುತ್ತದೆ. ಆದರೆ ಬ್ಲೋವರ್ ನಿಂತ ಕ್ಷಣ ಎಸಿ ಆಫ್ ಮಾಡಿ. ಗಾಳಿ ಹಾಯದೆ ಎಸಿ ಓಡಿದರೆ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ.

ಬ್ಲೋವರ್ ಪೂರ್ತಿ ಕೈಕೊಟ್ಟರೆ ಎರಡೂ ಮುಂದಿನ ಕಿಟಕಿಗಳನ್ನು ಎರಡು ಬೆರಳಷ್ಟು ಇಳಿಸಿ. ಸ್ವಲ್ಪ ನೆನೆಯುತ್ತೀರಿ, ಆದರೆ ರಸ್ತೆ ಕಾಣುತ್ತದೆ. ಹಳೇ ಲಾರಿ ಡ್ರೈವರುಗಳು ಹೊಗೆಸೊಪ್ಪು ತಿಕ್ಕುತ್ತಾರಲ್ಲ, ಅದು ಗಾಜಿನ ಹೊರಮೈಗೆ, ವೈಪರ್ ಕೆಲಸ ಮಾಡದಾಗ ಮಳೆನೀರು ಜಾರಲಿಕ್ಕೆ. ಒಳಗಿನ ಆವಿಗೆ ಅದರಿಂದ ಉಪಯೋಗವಿಲ್ಲ. ಒಳಗಡೆ ಗಾಜನ್ನು ಹಿಂದಿನ ರಾತ್ರಿಯೇ ಚೆನ್ನಾಗಿ ತೊಳೆದು ಒಣ ಬಟ್ಟೆಯಿಂದ ಒರೆಸಿಡಿ, ಜಿಡ್ಡಿದ್ದಷ್ಟೂ ಮಬ್ಬು ಜಾಸ್ತಿ.

ನನ್ನ ಪ್ರಕಾರ ಸ್ವಿಚ್ ಹೋಗಿದೆ. ಸ್ವಿಚ್, ರೆಸಿಸ್ಟರ್ ಎರಡನ್ನೂ ಒಟ್ಟಿಗೆ ಹಾಕಿಸಿಬಿಡಿ.

ಹಾಸನದ ವೈರ್‌ಮನ್:

ಸ್ವಲ್ಪ ತಾಳಿ. ಏನನ್ನೂ ಇನ್ನೂ ಕೊಳ್ಳಬೇಡಿ.

ಮುಂಗಾರು ಅವರು ಮಂಜಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಸ್ವಿಚ್ ವಿಷಯ ನಾನು ಒಪ್ಪುವುದಿಲ್ಲ. ಆಟೋ ವೈರಿಂಗ್ ಕೆಲಸ ಮಾಡಿ 30 ವರ್ಷ ಆಯಿತು. ಈ ಬ್ಲೋವರ್ ಕೇಸು ಮಳೆಗಾಲದಲ್ಲಿ ವಾರಕ್ಕೊಂದು ಬರುತ್ತದೆ, ಹೆಚ್ಚಿನವರು ಎರಡನೇ ರೆಸಿಸ್ಟರ್ ಸುಟ್ಟ ಮೇಲೆ ಬರುತ್ತಾರೆ. ನಿಮ್ಮದೂ ಅದೇ.

ರೆಸಿಸ್ಟರ್ ಕೆಲಸ ಏನು ಅಂತ ಮೊದಲು ಹೇಳುತ್ತೇನೆ, ಆಮೇಲೆ ಉಳಿದದ್ದು ತಾನೇ ಅರ್ಥ ಆಗುತ್ತದೆ. ಬ್ಲೋವರ್ ಮೋಟಾರಿಗೆ ಬ್ಯಾಟರಿಯ ಪೂರ್ತಿ 12 ವೋಲ್ಟ್ ಸಿಕ್ಕರೆ ಅದು ಪೂರ್ತಿ ವೇಗದಲ್ಲಿ ತಿರುಗುತ್ತದೆ. ಅದೇ ನಾಲ್ಕನೇ ಸ್ಪೀಡ್. ವೇಗ ಕಮ್ಮಿ ಬೇಕು ಅಂದರೆ ಕರೆಂಟಿನ ದಾರಿಯಲ್ಲಿ ತಂತಿ ಸುರುಳಿಗಳನ್ನು ಅಡ್ಡ ಇಡುತ್ತಾರೆ. ಒಂದರಲ್ಲಿ ಎಲ್ಲ ಸುರುಳಿಗಳೂ ಅಡ್ಡ, ಎರಡರಲ್ಲಿ ಸ್ವಲ್ಪ ಕಮ್ಮಿ, ಮೂರರಲ್ಲಿ ಇನ್ನೂ ಕಮ್ಮಿ. ನಾಲ್ಕರಲ್ಲಿ ಕರೆಂಟ್ ಸುರುಳಿಯನ್ನು ಮುಟ್ಟುವುದೇ ಇಲ್ಲ, ನೇರ ಹೋಗುತ್ತದೆ. ಅದಕ್ಕೇ ರೆಸಿಸ್ಟರ್ ಸುಟ್ಟಾಗ ನಾಲ್ಕು ಮಾತ್ರ ಉಳಿಯುತ್ತದೆ. ಅಲ್ಲಿಯವರೆಗೆ ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ಸರಿ. ಅದು ಯಾಕೆ ಸುಟ್ಟಿತು ಅಂತ ಮಾತ್ರ ನೋಡಲಿಲ್ಲ.

ಸುರುಳಿಗಳು ಕರೆಂಟನ್ನು ತಡೆದಾಗ ಬಿಸಿಯಾಗುತ್ತವೆ. ಆ ಬಿಸಿ ಆರಲಿ ಅಂತಲೇ ರೆಸಿಸ್ಟರನ್ನು ಬ್ಲೋವರ್ ಗಾಳಿ ಹೋಗುವ ಕೊಳವೆಯ ಒಳಗೇ ತೂರಿಸಿರುತ್ತಾರೆ. ತುಂಬ ಕಾದರೆ ಬೆಂಕಿ ಹತ್ತಬಾರದು ಅಂತ ಅದರ ಮೇಲೆ ಒಂದು ಚಿಕ್ಕ ಥರ್ಮಲ್ ಫ್ಯೂಸ್ ಇರುತ್ತದೆ, ಸಾಮಾನ್ಯವಾಗಿ ಹೋಗುವುದು ಅದು. ಎರಡು ಕಾರಣಕ್ಕೆ ಹೋಗುತ್ತದೆ. ಮೊದಲನೆಯದು, ಗಾಳಿಯ ದಾರಿಯಲ್ಲಿ ದರಗು, ಕಸ ತುಂಬಿ ರೆಸಿಸ್ಟರಿಗೆ ತಂಪು ಸಿಗದೇ ಇರುವುದು. ನಿಮ್ಮ ಗಾಡಿಯ ಕಾಲದ ಎಷ್ಟೋ ಚಿಕ್ಕ ಕಾರುಗಳಿಗೆ ಕ್ಯಾಬಿನ್ ಫಿಲ್ಟರ್ರೇ ಇರಲಿಲ್ಲ, ಬಿದ್ದ ಎಲೆ ಸೀದಾ ಬ್ಲೋವರಿಗೆ ಬರುತ್ತದೆ. ಎರಡನೆಯದು, ಮೋಟಾರ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳೆಯುವುದು. ಇಲ್ಲಿ ಒಂದು ಲೆಕ್ಕ ನೆನಪಿಡಿ. ಕರೆಂಟ್ ಒಂದೂವರೆ ಪಟ್ಟಾದರೆ ರೆಸಿಸ್ಟರಿನ ಬಿಸಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಹೊಸ ರೆಸಿಸ್ಟರ್ ಎರಡು ತಿಂಗಳಲ್ಲಿ ಹೋಗಿದ್ದು ಹೀಗೆ.

ನೀವು ಬರೆದದ್ದರಲ್ಲೇ ಉತ್ತರ ಇದೆ. ತಟ್ಟಿದರೆ ತಿರುಗುತ್ತದೆ ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದಿದೆ. ಬೆಳಿಗ್ಗೆ ಕೀಚ್ ಅನ್ನುತ್ತದೆ ಅಂದರೆ ಶಾಫ್ಟ್ ಕೂತು ತಿರುಗುವ ಬುಷ್ ಒಣಗಿದೆ. ಸುಟ್ಟ ವಾಸನೆ ಬಂತು ಅಂದರೆ ರೆಸಿಸ್ಟರಿಗೆ ವೈರುಗಳನ್ನು ಸಿಕ್ಕಿಸುವ ಪ್ಲಾಸ್ಟಿಕ್ ಕಪ್ಲರ್ ಕರಗಿರಬೇಕು. ಒಂದು ಮಾತು, ಬರೀ ಗಾಳಿ ದಾರಿ ಮುಚ್ಚಿದರೆ ಮೋಟಾರಿನ ಆಂಪ್ ಏರುವುದಿಲ್ಲ, ಬದಲಿಗೆ ಇಳಿಯುತ್ತದೆ, ಈ ಜಾತಿಯ ಫ್ಯಾನ್ ಇರುವುದೇ ಹಾಗೆ. ಆಂಪ್ ಏರಿದ್ದರೆ ಏನೋ ಉಜ್ಜುತ್ತಿದೆ ಅಥವಾ ಬುಷ್ ಹಿಡಿಯುತ್ತಿದೆ ಅಂತಲೇ ಅರ್ಥ.

ಈಗ ನೋಡಬೇಕಾದ್ದು. ಮೊದಲು ಫ್ಯೂಸ್ ಬಾಕ್ಸ್ ತೆಗೆದು ಬ್ಲೋವರ್ ಫ್ಯೂಸ್ ಎಷ್ಟು ಆಂಪಿನದು ಅಂತ ನೋಡಿ, ಮುಚ್ಚಳದ ಮೇಲೆ ಎಷ್ಟು ಅಂತ ಬರೆದಿದೆ ಅದಕ್ಕೆ ಹೋಲಿಸಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ.

ಆಮೇಲೆ ಗ್ಲೌ ಬಾಕ್ಸ್ ಬಿಚ್ಚಿ. ಒಳಗೆ ದುಂಡಗಿನ ಮೋಟಾರ್ ಕೆಳಮುಖವಾಗಿ ಕೂತಿರುತ್ತದೆ, ಅದಕ್ಕೆ ಎರಡು ವೈರ್. ಕೀ ಆನ್ ಮಾಡಿ, ಸ್ವಿಚ್ ಎರಡಕ್ಕೆ ಇಟ್ಟು, ಮೀಟರಿನ ಕಪ್ಪು ವೈರನ್ನು ಬಾಡಿಯ ಬೋಳು ಲೋಹಕ್ಕೆ ಹಿಡಿದು ಆ ಎರಡು ವೈರ್‌ಗಳನ್ನೂ ಅಳೆಯಿರಿ. ಎರಡರಲ್ಲೂ 12 ವೋಲ್ಟ್ ಬಂದರೆ ಮೋಟಾರಿನವರೆಗೆ ಕರೆಂಟ್ ಬಂದಿದೆ, ವಾಪಸ್ ಹೋಗುವ ದಾರಿ ಕಡಿದಿದೆ, ಅಂದರೆ ರೆಸಿಸ್ಟರ್ ಅಥವಾ ಸ್ವಿಚ್ ಅಥವಾ ಅರ್ಥಿಂಗ್ (ಗಾಡಿಯ ಲೋಹಕ್ಕೆ ಸೇರುವ ವೈರ್). ಎರಡರಲ್ಲೂ ಸೊನ್ನೆ ಆದರೆ ಫ್ಯೂಸ್ ಅಥವಾ ರಿಲೇ ನೋಡಿ. ಸ್ವಿಚ್ ನಾಲ್ಕರಲ್ಲಿದ್ದು, ಒಂದರಲ್ಲಿ 12, ಇನ್ನೊಂದರಲ್ಲಿ ಸೊನ್ನೆ ಹತ್ತಿರ ಇದ್ದೂ ಮೋಟಾರ್ ತಿರುಗದಿದ್ದರೆ ತಪ್ಪು ಮೋಟಾರಿನದೇ. ಸ್ವಿಚ್ ಅರ್ಥ್ ಕಡೆಗಿರುವ ಗಾಡಿಗಳಿಗೆ ಈ ಲೆಕ್ಕ. ಕೆಲವು ಗಾಡಿಗಳಲ್ಲಿ ಸ್ವಿಚ್ ಪಾಸಿಟಿವ್ ಕಡೆ ಇರುತ್ತದೆ, ಆಗ ಒಂದು ವೈರ್ ಯಾವಾಗಲೂ ಬಾಡಿಯ ಲೋಹಕ್ಕೆ ಸೇರಿರುತ್ತದೆ.

ಆಂಪ್ ಅಳೆಯಲು ನಿಮ್ಮ ಮಲ್ಟಿಮೀಟರ್ ಬಳಸಬೇಡಿ. ಸಾಮಾನ್ಯ ಮೀಟರಿನ ಮಿತಿ 10 ಆಂಪ್, ಬ್ಲೋವರ್ ಅದನ್ನು ಸುಲಭವಾಗಿ ದಾಟುತ್ತದೆ. ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಯಾರ ಹತ್ತಿರವಾದರೂ ಸಿಕ್ಕರೆ ತಂದುಕೊಳ್ಳಿ. ಚಿಕ್ಕ ಕಾರಿನಲ್ಲಿ ನಾಲ್ಕನೇ ಸ್ಪೀಡಿಗೆ ಸುಮಾರು 10ರಿಂದ 15 ಆಂಪ್ ಒಳಗೆ ಇರಬೇಕು.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಅಳೆಯುವಾಗ ಮಾತ್ರ ಹಾಕಿ. ಎಡಗಡೆ ಏರ್‌ಬ್ಯಾಗ್ ಇರುವ ಗಾಡಿಯಾದರೆ ನೀವೇ ಕೈ ಹಾಕಬೇಡಿ.

ಹಿಮದೂರು, ಅಮೆರಿಕದ ಮಿನ್ನೆಸೋಟ:

ಊರು ಚಿಕ್ಕಮಗಳೂರು, ಈಗ ಇರುವುದು ಇಲ್ಲಿ. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದು ಮಾಮೂಲು. ಬ್ಲೋವರ್ ಇಲ್ಲದಿದ್ದರೆ ನಮ್ಮ ಉಸಿರೇ ಗಾಜಿನ ಒಳಗಡೆ ಐಸ್ ಆಗಿ ಕೂರುತ್ತದೆ, ಕೆರೆಯಬೇಕು. ಹಾಗಾಗಿ ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು.

ನನ್ನ ಹಳೇ ವ್ಯಾನಿನಲ್ಲಿ ಇದೇ ಆಗಿತ್ತು. ಮೂರು ರೆಸಿಸ್ಟರ್ ಹಾಕಿದೆ. ಮೂರನೆಯದನ್ನು ಬಿಚ್ಚುವಾಗ ಕಪ್ಲರ್ ಕಡೆ ಕಣ್ಣು ಹೋಯಿತು, ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಸಡಿಲವಾದ ಪಿನ್ ತಾನೇ ಒಂದು ರೆಸಿಸ್ಟರ್ ಆಗಿಬಿಡುತ್ತದೆ. ಅಲ್ಲಿ 0.1 ಓಮ್ ಇದ್ದು 12 ಆಂಪ್ ಹರಿದರೆ 14 ವ್ಯಾಟ್‌ಗಿಂತ ಜಾಸ್ತಿ ಬಿಸಿ ಆ ಚಿಕ್ಕ ಪಿನ್ನಿನಲ್ಲೇ ಹುಟ್ಟುತ್ತದೆ. ಸುಟ್ಟ ಕಪ್ಲರಿಗೆ ಹೊಸ ರೆಸಿಸ್ಟರ್ ಸಿಕ್ಕಿಸಿದರೆ ಅದೂ ಸುಡುತ್ತದೆ. ವೈರ್ ಸಮೇತ ಬರುವ ಹೊಸ ಕಪ್ಲರ್ ತಂದು, ಹಳೆಯ ವೈರಿನಲ್ಲಿ ಕಪ್ಪಾದ ಭಾಗ ಪೂರ್ತಿ ಕತ್ತರಿಸಿ, ತಾಮ್ರ ಹೊಳೆಯುವ ಕಡೆಗೆ ಜೋಡಿಸಿ.

ಕ್ಲಾಂಪ್ ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಮನೆ ವೈರಿಂಗಿಗೆ ಬಳಸುವ ಕಡಿಮೆ ಬೆಲೆಯ ಕ್ಲಾಂಪ್ ಮೀಟರುಗಳಲ್ಲಿ ಹೆಚ್ಚಿನವು ಎಸಿ ಕರೆಂಟ್, ಅಂದರೆ ಮನೆಗೆ ಬರುವ ಜಾತಿಯ ಕರೆಂಟ್, ಮಾತ್ರ ಅಳೆಯುತ್ತವೆ. ಗಾಡಿಯದು ಬ್ಯಾಟರಿಯ ಡಿಸಿ. ಅದನ್ನು ಹಿಡಿದು ಸೊನ್ನೆ ತೋರಿಸಿತು ಅಂತ ನಾನು ಒಂದು ಶನಿವಾರ ಪೂರ್ತಿ ಕಳೆದಿದ್ದೇನೆ. ಡಿಸಿ ಆಂಪ್ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತನ್ನಿ.

ತೋಟದ ದಾರಿ, ಮೂಡಿಗೆರೆ:

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ಭಾನುವಾರ ಪೂರ್ತಿ ಗಾಡಿ ಮುಂದೆ ಕೂತಿದ್ದೆ. ಏನೇನು ಸಿಕ್ಕಿತು ಬರೆಯುತ್ತೇನೆ.

ಫ್ಯೂಸ್ ನೋಡಿ ಎದೆ ಝಲ್ ಅಂತು. ಮುಚ್ಚಳದ ಮೇಲೆ 20 ಅಂತ ಇದೆ, ಒಳಗೆ ಕೂತಿರುವುದು ಹಸಿರು ಬಣ್ಣದ 30. ಯಾವಾಗ ಯಾರು ಹಾಕಿದರೋ ಗೊತ್ತಿಲ್ಲ. ಕೂಡಲೇ ಕಿತ್ತು ಹಳದಿ 20 ಹಾಕಿದೆ.

ವೋಲ್ಟ್ ಅಳೆದಾಗ ಎರಡಕ್ಕೆ ಇಟ್ಟರೆ ಎರಡೂ ವೈರಿನಲ್ಲಿ 12.3 ಬಂತು, ಅಂದರೆ ವಾಪಸ್ ದಾರಿ ಕಡಿದಿದೆ. ರೆಸಿಸ್ಟರ್ ಹೊರಗೆ ಎಳೆದೆ, ಥರ್ಮಲ್ ಫ್ಯೂಸ್ ಆಚೆ ಈಚೆ ಮೀಟರ್ ಏನನ್ನೂ ತೋರಿಸಲಿಲ್ಲ. ಕಪ್ಲರಿನಲ್ಲಿ ಹಿಮದೂರು ಅವರು ಹೇಳಿದಂತೆಯೇ ಒಂದು ಮೂಲೆ ಕರಗಿ ಕರಕಲಾಗಿದೆ.

ಇನ್ನು ಮೋಟಾರ್. ಮೂರು ಸ್ಕ್ರೂ ಬಿಚ್ಚಿ ಕೆಳಗೆ ಎಳೆದ ಕೂಡಲೇ ಒಂದು ಬೊಗಸೆ ಕಸ ಮ್ಯಾಟ್ ಮೇಲೆ ಸುರಿಯಿತು. ಅರ್ಧದಷ್ಟು ಸಿಲ್ವರ್ ಎಲೆ. ನಮ್ಮ ಗಾಡಿ ನಿಲ್ಲುವುದು ಸಿಲ್ವರ್ ಓಕ್ ಮರಗಳ ಕೆಳಗಿನ ಶೆಡ್ಡಿನಲ್ಲಿ, ಶೆಡ್ಡಿಗೆ ಮುಂದುಗಡೆ ಗೋಡೆ ಇಲ್ಲ, ಗಾಳಿಗೆ ಎಲೆ ಹಾರಿ ಬಂದು ಬಾನೆಟ್ ಮೇಲೆ ರಾಶಿ ಬೀಳುತ್ತದೆ. ಉಳಿದದ್ದು ಇಲಿ ಗೂಡು. ಗೋಣಿಚೀಲದ ನಾರು, ಕಾಫಿ ಸಿಪ್ಪೆ, ಅಪ್ಪನ ಕಾಲದ ಯಾವುದೋ ರಸೀದಿಯ ಚೂರುಗಳು. ಫ್ಯಾನಿನ ರೆಕ್ಕೆಗಳ ನಡುವೆ ನಾರು ಸುತ್ತಿಕೊಂಡು ಒಂದು ಕಡೆ ಗಟ್ಟಿಯಾಗಿತ್ತು. ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಎಲ್ಲ ಕ್ಲೀನ್ ಮಾಡಿದ ಮೇಲೂ ಅದು ಹಗುರವಾಗಿ ತಿರುಗುವುದಿಲ್ಲ, ಶಾಫ್ಟಿನ ಬುಡದಲ್ಲಿ ತುಕ್ಕಿನ ನೀರಿನ ಕಲೆ ಇದೆ.

ಆ ನೀರು ಎಲ್ಲಿಂದ ಬಂತು ಅಂತ ಹುಡುಕಿದೆ. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಬಿಚ್ಚಿದರೆ ಅಲ್ಲಿ ಕೊಳೆತ ಎಲೆ ಗೊಬ್ಬರದ ಹಾಗೆ ಕೂತಿದೆ, ನೀರು ಹೋಗುವ ತೂತು ಪೂರ್ತಿ ಮುಚ್ಚಿದೆ. ಅಲ್ಲಿ ನಿಂತ ನೀರೇ ಉಕ್ಕಿ ಬ್ಲೋವರ್ ಒಳಗೆ ಇಳಿದಿರಬೇಕು, ಅಲ್ವಾ?

ಪಕ್ಕದ ತೋಟದವರ ಹತ್ತಿರ ಡಿಸಿ ಕ್ಲಾಂಪ್ ಮೀಟರ್ ಇತ್ತು, ಅವರು ಸೋಲಾರ್ ಹಾಕಿಸಿದ್ದಾರೆ. ಕ್ಲೀನ್ ಮಾಡಿದ ಮೋಟಾರನ್ನೇ ವಾಪಸ್ ಹಾಕಿ ನಾಲ್ಕರಲ್ಲಿ ಅಳೆದಾಗ 19 ಆಂಪ್. ನೋಡುತ್ತಾ ನಿಂತಂತೆ 19.6 ಆಯಿತು, ಅಲ್ಲಿಗೆ ಆಫ್ ಮಾಡಿಬಿಟ್ಟೆ.

ಬುಷ್‌ಗೆ ಎಣ್ಣೆ ಬಿಟ್ಟರೆ ಸರಿ ಹೋಗುತ್ತದೆಯಾ, ಅಥವಾ ಮೋಟಾರೇ ಬದಲಾಯಿಸಬೇಕಾ?

ಗುಜರಿ ಗೆಳೆಯ, ಬೆಂಗಳೂರು:

ಎಣ್ಣೆ ಬಿಟ್ಟು ನೋಡಿ ಸರ್. ಬುಷ್ ಮೇಲೆ ಎರಡು ತೊಟ್ಟು ತೆಳು ಮೆಷಿನ್ ಎಣ್ಣೆ, ಹತ್ತು ಸಲ ಕೈಯಿಂದ ತಿರುಗಿಸಿ. ನನ್ನ ಗಾಡಿಯಲ್ಲಿ ಹಾಗೆ ಮಾಡಿ ಎರಡು ವರ್ಷ ಓಡಿಸಿದೆ.

ಆಗಲಿಲ್ಲ ಅಂದರೆ ಹೊಸದಕ್ಕೇ ಹೋಗಬೇಕೆಂದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಹಳೇ ಗಾಡಿಗಳಿಂದ ಬಿಚ್ಚಿದ ಮೋಟಾರ್ ಸಿಗುತ್ತದೆ, ಹೊಸದು ಬೇಕಿದ್ದರೆ ಜೆ.ಸಿ. ರಸ್ತೆ. ಹಳೆಯದು ಕೊಳ್ಳುವಾಗ ಅಂಗಡಿಯಲ್ಲೇ 12 ವೋಲ್ಟ್ ಬ್ಯಾಟರಿಗೆ ಹಿಡಿಸಿ ಐದು ನಿಮಿಷ ಓಡಿಸಿ. ಸದ್ದು ಕೇಳಿ, ಶಾಫ್ಟನ್ನು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಫ್ಯಾನಿನ ಅಳತೆ, ಸ್ಕ್ರೂ ತೂತುಗಳ ದೂರ, ತಿರುಗುವ ದಿಕ್ಕು, ಈ ಮೂರೂ ನಿಮ್ಮದಕ್ಕೆ ಹೊಂದಬೇಕು. ಹಳೆಯದನ್ನು ಜೊತೆಗೇ ತಗೊಂಡು ಹೋಗಿ.

ಹಾಸನದ ವೈರ್‌ಮನ್:

ಗುಜರಿ ಗೆಳೆಯರು ಹೇಳಿದ ಎಣ್ಣೆ ಉಪಾಯ ಬುಷ್ ಬರೀ ಒಣಗಿದ್ದರೆ ನಡೆಯುತ್ತದೆ, ನಾನೂ ಮಾಡಿದ್ದೇನೆ. ಇವರ ಮೋಟಾರಿಗೆ ನೀರು ಇಳಿದಿದೆ, ತುಕ್ಕು ಹಿಡಿದಿದೆ, ಬ್ರಶ್ ಸವೆದಿದೆ, ಕ್ಲೀನ್ ಮಾಡಿದ ಮೇಲೂ 19 ಆಂಪ್ ಎಳೆದು ಏರುತ್ತಲೇ ಇದೆ. ಎಣ್ಣೆ ಜಾಸ್ತಿಯಾಗಿ ಬ್ರಶ್ ಕಡೆ ಇಳಿದರೆ ಕಾರ್ಬನ್ ಪುಡಿ ಜೊತೆ ಸೇರಿ ಇನ್ನೊಂದು ತೊಂದರೆ. ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುವ ಗಾಡಿಗೆ ನಾನಾದರೆ ಹೊಸ ಮೋಟಾರನ್ನೇ ಹಾಕುತ್ತೇನೆ. ಮೋಟಾರ್, ರೆಸಿಸ್ಟರ್, ಕಪ್ಲರ್, ಮೂರೂ ಒಟ್ಟಿಗೆ. ಒಂದನ್ನು ಬಿಟ್ಟರೆ ಉಳಿದ ಎರಡು ಹಾಳಾಗುತ್ತವೆ. ಸ್ವಿಚ್ಚನ್ನು ಹೊರಗೆ ಎಳೆದು ಅದರ ಹಿಂದಿನ ಪಿನ್ನುಗಳು ಕಪ್ಪಾಗಿಲ್ಲ ಅಂದರೆ ಹಾಗೇ ಬಿಡಿ.

30ರ ಫ್ಯೂಸ್ ವಿಷಯ ಎಲ್ಲರೂ ಓದಲಿ ಅಂತ ಬರೆಯುತ್ತೇನೆ. 20 ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ ಯಾರೋ 30 ಹಾಕಿದ್ದಾರೆ. ಮೋಟಾರ್ ಬಿಗಿಯಾಗಿದೆ ಅಂತ ಫ್ಯೂಸ್ ಮೊದಲೇ ಹೇಳಿತ್ತು, ಅದರ ಬಾಯಿ ಮುಚ್ಚಿಸಿದರು. ಆ ವೈರಿನ ದಪ್ಪ 20 ಆಂಪಿನ ಲೆಕ್ಕಕ್ಕೆ ಹಾಕಿದ್ದು. ಫ್ಯೂಸ್ ಹೋಗದಿದ್ದರೆ ವೈರ್ ಬಿಸಿಯಾಗಿ ಸುಡುತ್ತದೆ. ನಿಮ್ಮ ಗಾಡಿಯಲ್ಲಿ ಸುಡುವುದು ಕಪ್ಲರಿನಲ್ಲೇ ನಿಂತಿತು. ಕೆಲವರು ಫ್ಯೂಸ್ ಬದಲು ತಾಮ್ರದ ಎಳೆ ಸುತ್ತುತ್ತಾರೆ, ಹಾಗೆ ಮಾಡಿ ಡ್ಯಾಶ್‌ಬೋರ್ಡ್ ಪೂರ್ತಿ ಸುಟ್ಟ ಗಾಡಿಯನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಮೋಟಾರ್ ಹಾಕುವಾಗ ಅದರ ಪಕ್ಕದಲ್ಲಿ ಒಂದು ತೆಳು ರಬ್ಬರ್ ಪೈಪ್ ಇದ್ದರೆ ಮರೆಯದೆ ಸಿಕ್ಕಿಸಿ. ಮೋಟಾರಿನ ಒಳಗೆ ತಂಪು ಗಾಳಿ ಹೋಗುವ ದಾರಿ ಅದು. ಬಿಚ್ಚಿದವರು ಅದನ್ನು ನೇತಾಡಲು ಬಿಟ್ಟು ಮುಚ್ಚಿದ್ದನ್ನು ಎಷ್ಟೋ ಗಾಡಿಯಲ್ಲಿ ನೋಡಿದ್ದೇನೆ. ಎಲ್ಲ ಆದ ಮೇಲೆ ನಾಲ್ಕರಲ್ಲಿ ಓಡಿಸಿಕೊಂಡು, ಅರ್ಥ್ ವೈರಿನ ತುದಿಗೂ ಬ್ಯಾಟರಿಯ ನೆಗೆಟಿವ್‌ಗೂ ಮೀಟರ್ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಆ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ ಮತ್ತೆ ಬಿಗಿ ಮಾಡಿ.

ಇನ್ನೊಂದು ಮಾತು. ಇಲಿ ಗೂಡನ್ನು ಬರಿಗೈಲಿ ತೆಗೆದಿರಾ? ಮಳೆಗಾಲ, ಇಲಿಜ್ವರ ಬರುವುದು ಇಲಿಯ ಮೂತ್ರದಿಂದ, ಕೈಯಲ್ಲಿ ಗಾಯ ಇದ್ದರೆ ಅಪಾಯ. ಮುಂದೆ ಕೈಗವಸು, ಮಾಸ್ಕ್ ಹಾಕಿ, ಕಸದ ಮೇಲೆ ಮೊದಲು ಸ್ವಲ್ಪ ಫಿನಾಯಿಲ್ ನೀರು ಚಿಮುಕಿಸಿ ಆಮೇಲೆ ತೆಗೆಯಿರಿ. ಇನ್ನು ಎರಡು ಮೂರು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಈ ವಿಷಯವನ್ನು ಬಾಯಿಬಿಟ್ಟು ಹೇಳಿ.

ಮುಂಗಾರು, ಸಕಲೇಶಪುರ:

ಸ್ವಿಚ್ ಅಂತ ಹೇಳಿದ್ದು ನನ್ನ ತಪ್ಪು, ವೈರ್‌ಮನ್ ಅವರಿಂದ ಕಲಿತೆ. ಶೆಡ್ಡಿಗೆ ಒಂದು ಸಲಹೆ, ವೈಪರ್ ಕೆಳಗಿನ ಜಾಲರಿಯ ಒಳಮೈಗೆ ಸೊಳ್ಳೆ ಜಾಲರಿಯಲ್ಲ, ಅದಕ್ಕಿಂತ ದೊಡ್ಡ ಕಣ್ಣಿನ ಸ್ಟೀಲ್ ಮೆಶ್ ಕತ್ತರಿಸಿ ಹಾಕಿ. ಸೊಳ್ಳೆ ಜಾಲರಿ ಹಾಕಿದರೆ ಧೂಳು ಕಟ್ಟಿ ಗಾಳಿಯೇ ಬರುವುದಿಲ್ಲ. ಕಾಲು ಇಂಚಿನ ಕಣ್ಣಾದರೆ ಎಲೆ ನಿಲ್ಲುತ್ತದೆ, ಇಲಿಯೂ ನುಗ್ಗುವುದಿಲ್ಲ.

ತೋಟದ ದಾರಿ, ಮೂಡಿಗೆರೆ:

ಹತ್ತು ದಿನ ಆಯಿತು, ಬರೆಯಲು ತಡವಾಯಿತು, ಕ್ಷಮಿಸಿ. ಹೊಸ ಮೋಟಾರ್ ಹಾಸನದಲ್ಲಿ ಸಿಕ್ಕಿತು. ರೆಸಿಸ್ಟರ್ ಮತ್ತು ವೈರ್ ಸಮೇತ ಕಪ್ಲರನ್ನು ಬೆಂಗಳೂರಿನಿಂದ ಭಾವ ತಂದುಕೊಟ್ಟರು. ಕಪ್ಪಾದ ವೈರನ್ನು ಸುಮಾರು ಮೂರು ಇಂಚು ಕತ್ತರಿಸಬೇಕಾಯಿತು, ಅಲ್ಲಿಯವರೆಗೂ ಒಳಗಿನ ತಾಮ್ರ ಕಪ್ಪಾಗಿತ್ತು. ರಬ್ಬರ್ ಪೈಪ್ ನಿಜವಾಗಲೂ ನೇತಾಡುತ್ತಿತ್ತು! ನೀವು ಹೇಳದಿದ್ದರೆ ಅದು ಏನು ಅಂತಲೇ ನನಗೆ ಗೊತ್ತಾಗುತ್ತಿರಲಿಲ್ಲ.

ಈಗ ನಾಲ್ಕರಲ್ಲಿ 11.4 ಆಂಪ್. ಅರ್ಥಿಂಗ್ ಕಡೆ 0.2 ವೋಲ್ಟ್. ನಾಲ್ಕೂ ಸ್ಪೀಡ್ ಇವೆ, ಅರ್ಧ ಗಂಟೆ ಓಡಿಸಿ ಕಪ್ಲರ್ ಮುಟ್ಟಿ ನೋಡಿದೆ, ಬೆಚ್ಚಗೂ ಇಲ್ಲ. ಜಾಲರಿಗೆ ಮೆಶ್ ಹಾಕಿದ್ದೇನೆ. ಜ್ವರ ಏನೂ ಇಲ್ಲ, ಕೇಳಿದ್ದಕ್ಕೆ ತುಂಬ ಥ್ಯಾಂಕ್ಸ್ ಅಣ್ಣ.

ಮೊನ್ನೆ ಅಮ್ಮನನ್ನು ಕರೆದುಕೊಂಡು ಹೋಗಿ ಬಂದೆ. ವಾಪಸ್ ಬರುವಾಗ ಉಜಿರೆ ದಾಟುವ ಹೊತ್ತಿಗೆ ಮಳೆ ಹಿಡಿಯಿತು, ಘಾಟಿ ಪೂರ್ತಿ ಸುರಿಯಿತು, ಎಸಿ ಹಾಕಿ ಬಿಸಿ ಕಡೆ ಇಟ್ಟು ಎರಡನೇ ಸ್ಪೀಡಿನಲ್ಲೇ ಹತ್ತಿದೆ. ಗಾಜು ಎಷ್ಟು ಸ್ವಚ್ಛ ಇತ್ತೆಂದರೆ ಅಮ್ಮ ತಿರುವಿನ ಜಲಪಾತಗಳನ್ನು ಎಣಿಸಿಕೊಂಡು ಬಂದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮನೆ ಸೇರಿದೆವು.

ಒಂದು ಚಿಕ್ಕ ಅನುಮಾನ ಉಳಿದಿದೆ. ಹೀಟರ್ ಹಾಕಿದಾಗ ಸ್ವಲ್ಪ ಸಿಹಿ ಸಿಹಿ ವಾಸನೆ. ಮಾರನೇ ದಿನ ಗಾಜಿನ ಒಳಗಡೆ ಬೆರಳು ಎಳೆದರೆ ಜಿಡ್ಡು. ಬ್ಲೋವರ್ ಸರಿಯಾಗಿ ಓಡುವ ತನಕ ಇದು ಗೊತ್ತಾಗಿರಲಿಲ್ಲ. ಹೊಸ ಮೋಟಾರಿನ ವಾಸನೆಯಾ?

ಹಾಸನದ ವೈರ್‌ಮನ್:

ಅಲ್ಲ. ಸಿಹಿ ವಾಸನೆ, ಗಾಜಿಗೆ ಜಿಡ್ಡು ಅಂದರೆ ಕೂಲೆಂಟ್, ಇಂಜಿನನ್ನು ತಂಪಾಗಿಡುವ ದ್ರವ. ಬಿಸಿ ಕೂಲೆಂಟ್ ಹಾಯ್ದು ಒಳಗಿನ ಗಾಳಿ ಬಿಸಿ ಮಾಡುವ ಹೀಟರ್ ಕೋರ್ ಸಣ್ಣಗೆ ಜಿನುಗುತ್ತಿರಬಹುದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕೂಲೆಂಟ್ ಬಾಟಲಿಯ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ, ಒಂದು ವಾರ ಓಡಿಸಿ, ಮತ್ತೆ ತಣ್ಣಗಿರುವಾಗಲೇ ನೋಡಿ. ಎಡಗಡೆ ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜನ್ನು ಒತ್ತಿ ನೋಡಿ, ಮಳೆನೀರಾದರೆ ಬರೀ ಒದ್ದೆ, ಕೂಲೆಂಟ್ ಆದರೆ ಅಂಟಂಟು ಮತ್ತು ಬಣ್ಣ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಘಾಟಿಯಲ್ಲಿ ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣಿರಲಿ.

ಮಟ್ಟ ಇಳಿದರೆ ಬರೆಯಿರಿ. ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಇಂಜಿನ್ ಕಡೆಯಲ್ಲೇ ಒಂದಕ್ಕೊಂದು ಸೇರಿಸಿ ಸದ್ಯಕ್ಕೆ ಕೋರನ್ನು ಬೇರೆ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಬಿಸಿ ಗಾಳಿ ಇರುವುದಿಲ್ಲ, ಆದರೆ ಎಸಿ ಮತ್ತು ಬ್ಲೋವರ್ ಇದ್ದರೆ ಮಂಜು ಬಿಡಿಸಲು ಸಾಕಾಗುತ್ತದೆ.

ತೋಟದ ದಾರಿ, ಮೂಡಿಗೆರೆ:

ಇವತ್ತು ಬೆಳಿಗ್ಗೆ ಆರು ಗಂಟೆಗೆ ಗೆರೆ ಎಳೆದೆ, ಬಾಟಲಿಯ ಫೋಟೋ ಕೂಡ ತೆಗೆದಿಟ್ಟಿದ್ದೇನೆ. ಕಾರ್ಪೆಟ್ ಕೆಳಗೆ ಒದ್ದೆ ಇದೆ, ಅಂಟು ಇದೆಯಾ ಇಲ್ಲವಾ ಹೇಳಲು ಆಗುತ್ತಿಲ್ಲ, ಹೇರ್ ಡ್ರೈಯರ್‌ನಿಂದ ಪೂರ್ತಿ ಒಣಗಿಸಿ ಕೆಳಗೆ ಬಿಳಿ ಪೇಪರ್ ಹಾಸಿದ್ದೇನೆ. ಮುಂದಿನ ಬುಧವಾರ ಬರೆಯುತ್ತೇನೆ.